ಪುಣೆಯಿಂದ ಒಂದೂವರೆ ಗಂಟೆ

ಅಪ್ಪಾ,

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಒಂದು ವರ್ಷ ಕಾದೆ. ಇಳಿಯಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದಿಕೋ.

ಮದುವೆಯಾಗಿ ಪುಣೆಗೆ ಹೊರಟ ದಿನ ನೀನು ಮಾಡಿದ್ದು ನೆನಪಿದೆಯಾ? ವಿಮಾನ ನಿಲ್ದಾಣ ಹತ್ತಿರವೇ, ಕುಂದಾಣದ ನಮ್ಮ ಹೊಲದ ಮೇಲೆ ದಿನವಿಡೀ ವಿಮಾನಗಳು. ಅವನ್ನು ನೋಡಿಯೇ ನೀನು ಹೊತ್ತು ಹೇಳುತ್ತಿದ್ದೆ, "ನಾಲ್ಕೂವರೆದು ಬಂತು, ಹಸ ಹೊಡ್ಕಂಡ್ ಬಾ" ಅಂತ. ಅಂಥವನು ನನ್ನ ಕೈ ಹಿಡಿದು ನಿನ್ನ ತಲೆಯ ಮೇಲಿಟ್ಟುಕೊಂಡೆ. "ಅಷ್ಟು ಭಾರ ಗಾಳೀಲಿ ಹೆಂಗವ್ವಾ ನಿಲ್ತದೆ? ನನ್ ಮೇಲಾಣೆ, ಅದನ್ನ ಹತ್ತಬೇಡ. ಬಸ್ಸಲ್ಲೇ ಬಾ." ಆಣೆ ಮುರಿದರೆ, ಯಾರ ತಲೆ ಮುಟ್ಟಿದೆವೋ ಅವರಿಗೇ ಕೇಡು ಎಂದು ಕಲಿಸಿದವನೂ ನೀನೇ. ನಾನು ಇನ್ನೇನು ಮಾಡಬೇಕಿತ್ತು?

ಒಂಬತ್ತು ವರ್ಷ ಬಸ್ಸಿನಲ್ಲೇ ಬಂದೆ. ಹದಿನಾಲ್ಕು ಗಂಟೆ, ಒಮ್ಮೊಮ್ಮೆ ಹದಿನಾರು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಕಾಲು ಬಾತು, ಸೊಂಟ ಹಿಡಿದು ಇಳಿದರೆ ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ: "ನಮ್ ಹುಡುಗಿ ಮಾತು ಅಂದ್ರೆ ಮಾತು." ನಿನಗೆ ಹೆಮ್ಮೆ. ನನ್ನ ಸೊಂಟದ ಪಾಡು ಕೇಳುವವರು ಯಾರು?

ಆ ದಿನ ಬೆಳಗ್ಗೆ ಹತ್ತಕ್ಕೆ ಚಿಕ್ಕಪ್ಪ ಫೋನ್ ಮಾಡಿ ನೀನು ಹೋದೆ ಎಂದ. "ಬರ್ತಾ ಇದೀನಿ ಚಿಕ್ಕಪ್ಪ, ಅಪ್ಪನ ಮುಖ ನೋಡ್ಬೇಕು, ತಡೀರಿ" ಅಂದು ಫೋನ್ ಇಟ್ಟೆ; ಯಾವುದರಲ್ಲಿ ಬರುತ್ತೇನೆಂದು ಹೇಳಬೇಕೆಂದು ಹೊಳೆಯಲೇ ಇಲ್ಲ. ನೀನೇ ಇಲ್ಲದ ಮೇಲೆ ಆ ಆಣೆ ಯಾರ ತಲೆ ಕಾಯಬೇಕು? ಮೂರು ಗಂಟೆಯ ವಿಮಾನ ಹತ್ತಿದೆ, ಫೋನ್ ಆಫ್ ಮಾಡಿದೆ.

ಐದೂವರೆಗೆ ಊರು ಮುಟ್ಟಿದೆ. ಹೊಲದ ಮೂಲೆಯಲ್ಲಿ ಹಸಿ ಮಣ್ಣಿನ ಗುಡ್ಡೆ, ಮೇಲೆ ಹೂವು. ಹೊತ್ತು ಇನ್ನೂ ಮುಳುಗಿರಲಿಲ್ಲ ಅಪ್ಪ. ಯಾಕೆ ಕಾಯಲಿಲ್ಲ ಎಂದು ಚಿಕ್ಕಪ್ಪನ ಮೇಲೆ ಕೂಗಾಡಿದೆ. ಅವನು ಬೆಪ್ಪಾಗಿ ನಿಂತ.

"ಪುಣೆಯಿಂದ ಹದಿನಾಲ್ಕು ಗಂಟೆ ಅಲ್ವೇನವ್ವಾ? ಸಂಜೆ ಬಸ್ಸು ಹತ್ತಿದ್ರೆ ನೀ ಬರೋದು ನಾಳೆ ಬೆಳಗ್ಗೆ, ಅಲ್ಲೀಗಂಟ ಇಟ್ಕಂಡಿರಕಾಗ್ತದಾ? ಫೋನೂ ಹತ್ಲಿಲ್ಲ."

"ವಿಮಾನದಲ್ಲಿ ಒಂದೂವರೆ ಗಂಟೆ ಚಿಕ್ಕಪ್ಪ. ಒಂದೂವರೆ."

"ಅಣ್ಣನ ತಲೆ ಮುಟ್ಟಿ ಆಣೆ ಮಾಡಿದ್ದೆಯಲ್ಲವ್ವಾ. ನೀನು ಅದನ್ನ ಮುರಿತೀಯ ಅಂತ ನಮಗೇನ್ ಗೊತ್ತು?"

ಮಾತಿಗೆ ತಪ್ಪದವಳು ಎಂದು ನೀನೇ ಊರನ್ನು ನಂಬಿಸಿಟ್ಟಿದ್ದೆ. ತಲೆಯ ಮೇಲೆ ಹಾರುವುದನ್ನು ದಿನಾ ಎಣಿಸುವ ಊರು ನನ್ನ ದಾರಿಯನ್ನು ಮಾತ್ರ ಬಸ್ಸಿನಲ್ಲೇ ಅಳೆಯಿತು. ಚಿಕ್ಕಪ್ಪನನ್ನು ಬೈಯುವುದು ಬಿಟ್ಟೆ. ಅವತ್ತಿನಿಂದ ನಿನ್ನನ್ನೇ ಬೈಯುತ್ತಿದ್ದೇನೆ. ಒಂದೇ ಒಂದು ಸಲ, "ಹೋಗ್ಲಿ ಬಿಡು, ಹತ್ತು" ಎಂದಿದ್ದರೆ...

ನಿನಗೆ ಗೊತ್ತಿಲ್ಲದ್ದೊಂದು ಇದೆ. ವಿಮಾನ ಇಳಿಯುವಾಗ ಕಿಟಕಿಯಿಂದ ನಮ್ಮ ಬೆಟ್ಟ ಕಂಡಿತು, ಕೆರೆ ಕಂಡಿತು. ಬಂದೇಬಿಟ್ಟೆ, ಇನ್ನೇನು ಮುಖ ನೋಡುತ್ತೇನೆ ಎಂದು ಜೀವಕ್ಕೆ ಸಮಾಧಾನವಾಯಿತು. ನೀನು ಹಸು ಹೊಡೆದುಕೊಂಡು ಬಾ ಎನ್ನುತ್ತಿದ್ದ ನಾಲ್ಕೂವರೆಯ ವಿಮಾನ ಅದು. ನಿನಗೆ ಮಣ್ಣು ಹಾಕಿದ್ದೂ ನಾಲ್ಕೂವರೆಗೇ ಅಂತೆ.

ಇವತ್ತು ನಿನ್ನ ವರ್ಷದ ಎಡೆಗೆ ವಿಮಾನದಲ್ಲೇ ಬರುತ್ತಿದ್ದೇನೆ. ಕೂತಲ್ಲಿಂದಲೇ ಇದನ್ನು ಬರೆಯುತ್ತಿದ್ದೇನೆ. ಕಿಟಕಿಯ ಪಕ್ಕ ನಿನ್ನ ಮೊಮ್ಮಗಳು, ತಾತನ ಹೊಲ ಯಾವುದೆಂದು ಆಗಲೇ ಮೂರು ಸಲ ಕೇಳಿದಳು. ಅವಳ ಕೈಯನ್ನು ನಾನು ಯಾವತ್ತೂ ನನ್ನ ತಲೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ನಾನು ಹೋದ ದಿನ ಅವಳು ಯಾವುದರಲ್ಲಿ ಬೇಕಾದರೂ ಬರಲಿ. ಬಂದು ನನ್ನ ಮುಖ ನೋಡಲಿ.

ನಿನ್ನ ಮಗಳು