ಸೆರಗು ಜಾರಿದ್ದಕ್ಕೆ ವಿಷಲ್

ಕೊಳ್ಳೇಗಾಲ, ೧೮ ನವೆಂಬರ್ ೧೯೫೪, ಗುರುವಾರ

ಇನ್ನೂ ಮೈ ಉರಿಯುತ್ತಿದೆ. ಬೆಳಿಗ್ಗೆ ಹುಡುಗರ ಬ್ಯಾಸ್ಕೆಟ್‌ಬಾಲಿಗೆ ಬೆವರು ಸುರಿಸಿಕೊಂಡು ಓಡಾಡಿದ ರೆಫರಿ ಷಡಕ್ಷರಿ, ಸಂಜೆ ನನ್ನ ಶಾಲೆಯ ಹುಡುಗಿಯರ ಆಟಕ್ಕೆ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತ. ಎದುರು ತಂಡದ ಹನೂರಿನವರು ನಮ್ಮ ಚಿಕ್ಕಬಸಮ್ಮನನ್ನು ತಳ್ಳಿ ಕೆಡವಿ, ಮೊಣಕಾಲಲ್ಲಿ ರಕ್ತ ಬಂದರೂ ವಿಷಲ್ ಊದಲಿಲ್ಲ. ಕೊನೆಗೆ ಅವಳು ಗೆಲುವಿನ ಚೆಂಡು ಎಸೆಯುವಾಗ ಊದಿದ. ದಾವಣಿಯ ಸೆರಗು ಜಾರಿತ್ತಂತೆ! ಚೆಂಡು ಬುಟ್ಟಿಗೆ ಬಿದ್ದರೂ ಲೆಕ್ಕಕ್ಕಿಲ್ಲ. ಸೋತೆವು.

“ಇದು ಯಾವ ರೂಲು?” ಎಂದು ಕೇಳಿದೆ.

“ಎಣ್ಮಕ್ಳಾಟಕ್ಕೆ ರೂಲ್ಯಾಕಮ್ಮ? ಮಾನ ಮುಚ್ಕಂಡು ಆಡುದ್ರೆ ಸಾಕು.”

ಬೆಳಿಗ್ಗೆ ಅಂಗಿ ಹರಿದ ಹುಡುಗ ಬರಿಮೈಯಲ್ಲೇ ಚೆಂಡು ಹಾಕಿದಾಗ ಚಪ್ಪಾಳೆ ತಟ್ಟಿದವನೂ ಇವನೇ. ಇಂಥವನ ಬಾಯಿಗೆ ವಿಷಲ್ ಕೊಟ್ಟವರು ಯಾರು!

ಚಿಕ್ಕಬಸಮ್ಮ ಅಳಲಿಲ್ಲ. ದಾರಿಯಲ್ಲಿ ಕೇಳಿದಳು: “ಇನ್ಮೇಲೆ ಸೆರಗ ಸೊಂಟಕ್ಕೆ ಬಿಗ್ದು ಕಟ್ಕತೀನಿ ಟೀಚರ್. ಆಗ್ಲಾದ್ರೂ ಅವ್ರು ಚೆಂಡ ನೋಡ್ತಾರಾ?”