ಮುಟ್ಟು ನಿಂತವರ ಶಿಬಿರದಲ್ಲಿ ಪುಡಿಯ ಮೇಜು

ವಾರ್ಡುಗಳಲ್ಲಿ ಮಹಿಳಾ ಆರೋಗ್ಯ ಶಿಬಿರ ನಡೆಸುವ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಬ್ಯಾನರಿನ ಕೆಳಗೆ ಮಾರಿದ ಪುಡಿಯನ್ನು ನಂಬಿ ನನ್ನ ಓರಗಿತ್ತಿ ತುಂಗಾ ಮೂರು ತಿಂಗಳು ಕಳೆದುಕೊಂಡಳು. ಆಗ ಅವಳ ಗರ್ಭಕೋಶದಲ್ಲಿ ಏನು ಬೆಳೆಯುತ್ತಿತ್ತೆಂದು ಪುಡಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ನನ್ನ ದೂರು ಇಷ್ಟೇ.

ನಾನು ಅತ್ತಿಗುಪ್ಪೆಯಲ್ಲಿ ಬ್ಲೌಸ್ ಹೊಲಿಯುವವಳು, ವಯಸ್ಸು ಐವತ್ತೆರಡು. ಮುಟ್ಟು ನಿಲ್ಲುವ ಕಾಲದ ವೈಭವ ನನಗೂ ಗೊತ್ತು. ಗಿರಾಕಿಯ ಅಳತೆ ತೆಗೆಯುತ್ತಿರುವಾಗಲೇ ಎದೆಯಿಂದ ಕತ್ತಿನವರೆಗೆ ಬೆಂಕಿ ಏಳುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಇದಕ್ಕೆ ಬೀದಿಯವರೆಲ್ಲ ವೈದ್ಯರೇ. ಮೇಲಿನ ಮನೆಯ ಲಕ್ಷ್ಮಿದೇವಮ್ಮನವರು ಮೆಂತ್ಯದ ನೀರು ಹೇಳಿದರು. ಮಗಳು ಐಶ್ವರ್ಯ ಫೋನಿನಲ್ಲಿ ನೋಡಿ ಅಗಸೆ ಬೀಜ ತರಿಸಿದಳು. ಯಜಮಾನರು ಮಾತ್ರ “ಎಲ್ಲಾ ನಿನ್ನ ಮನಸ್ಸಲ್ಲೇ ಇರೋದು ಕಣೇ” ಎಂಬ ದಿವ್ಯೌಷಧವನ್ನು ದಿನಕ್ಕೆರಡು ಬಾರಿ ಕೊಟ್ಟರು. ಮೆಂತ್ಯದಿಂದ ಕೇಡಾಗಲಿಲ್ಲ, ಅಗಸೆಯಿಂದ ಚಟ್ನಿಪುಡಿ ಚೆನ್ನಾಗಿಯೇ ಬಂತು. ಮನೆಮದ್ದಿನೊಂದಿಗೆ ನನಗೆ ಜಗಳವಿಲ್ಲ. ಆದರೆ ಮನೆಮದ್ದು ಸರ್ಕಾರಿ ವೇಷ ಹಾಕಿಕೊಂಡು ಬಂದರೆ?

ತುಂಗಾ ಇರುವುದು ಕೆಂಗೇರಿ ಉಪನಗರದಲ್ಲಿ. ಅವಳ ಮುಟ್ಟು ನಿಂತು ಮೂರು ವರ್ಷವಾಗಿತ್ತು. ಕಳೆದ ಬೇಸಿಗೆಯಲ್ಲಿ ಮತ್ತೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿತು. ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಸಮುದಾಯ ಭವನದಲ್ಲಿ ನಿಮ್ಮ ಉಚಿತ ಶಿಬಿರ ಬಂತು, ಇಬ್ಬರೂ ಹೋದೆವು. ನೂರಾರು ಹೆಂಗಸರಿಗೆ ಒಬ್ಬರೇ ಡಾಕ್ಟರು, ಅವರೂ ಗಂಡಸು, ಮಗನ ವಯಸ್ಸಿನವರು. ಮರೆಗೊಂದು ಪರದೆಯೂ ಇರಲಿಲ್ಲ. “ಬಿಪಿ ಸರಿ ಇದೆ, ಶುಗರ್ ಸರಿ ಇದೆ, ಮುಂದೆ ಹೋಗಿ” ಎಂದರು. ತುಂಗಾ ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ತಳ್ಳಿದರು.

ಮುಂದೆ ಇದ್ದದ್ದು ಪುಡಿಯ ಮೇಜು, ಮುಟ್ಟು ನಿಂತವರಿಗೆಂದು ಗಿಡಮೂಲಿಕೆಯ ಪುಡಿ ಮಾರುವುದು. ಸತ್ಯ ಹೇಳಬೇಕೆಂದರೆ, ಇಡೀ ಶಿಬಿರದಲ್ಲಿ ನಮ್ಮನ್ನು ಕೂರಿಸಿ ಮಾತಾಡಿಸಿದ್ದು ಆ ಮೇಜಿನ ಹುಡುಗಿ ಮಾತ್ರ. “ಆಂಟಿ, ನಿದ್ದೆ ಬರತ್ತಾ? ಬೇರೆ ಏನಾದ್ರೂ ತೊಂದ್ರೆ ಇದೆಯಾ?” ಎಂದಳು. ಡಾಕ್ಟರಿಗೆ ಹೇಳಲಾಗದ್ದನ್ನು ತುಂಗಾ ಅವಳ ಕಿವಿಯಲ್ಲಿ ಹೇಳಿದಳು.

“ಅದು ಉಷ್ಣ ಅಷ್ಟೇ ಆಂಟಿ, ಬಾಡಿ ಕ್ಲೀನ್ ಆಗ್ತಾ ಇದೆ. ಪೂರ್ತಿ ನ್ಯಾಚುರಲ್ ಇದು. ಮೂರು ತಿಂಗಳು ಬಿಡದೆ ತಗೊಳ್ಳಿ.”

ಅವರ ಈ ಗುಟ್ಟಿನ ಮಾತು ಆಗ ನನಗೆ ಕೇಳಿಸಿರಲಿಲ್ಲ, ಪುಡಿ ಮಾತ್ರ ಕಾಣಿಸಿತು. “ಗೌರ್ಮೆಂಟ್‌ನೋರೇ ಇಟ್ಟಿದ್ದಾರೆ, ತಗೋ” ಎಂದವಳು ನಾನು. ಬ್ಯಾನರಿನ ಮೇಲೆ ನಿಮ್ಮ ಲಾಂಛನವಿತ್ತಲ್ಲ, ಮಾನ್ಯರೇ.

ಶ್ರಾವಣದಲ್ಲಿ ಬ್ಲೌಸಿನ ಅಳತೆಗೆ ಬಂದ ತುಂಗಾ ಕುರ್ಚಿಯಲ್ಲಿ ಕೂರಲು ಹೆದರಿದಳು. ಕಲೆಯಾದೀತೆಂದು. ಒತ್ತಾಯಿಸಿ ಕೇಳಿದಾಗ ಅಳುತ್ತಾ ಎಲ್ಲ ಹೇಳಿದಳು. ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಲೇಡಿ ಡಾಕ್ಟರು ಗದರಿದರು: “ಮುಟ್ಟು ನಿಂತ್ಮೇಲೆ ಒಂದು ಹನಿ ರಕ್ತ ಕಂಡ್ರೂ ತೋರಿಸ್ಬೇಕಮ್ಮ. ಇಷ್ಟು ದಿನ ಯಾಕೆ ಕಾದ್ರಿ?”

“ಪುಡಿ ಮುಗೀಲಿ ಅಂತ ಕಾದೆ, ಮೇಡಂ.”

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಗರ್ಭಕೋಶ ತೆಗೆದರು. ಅದೃಷ್ಟಕ್ಕೆ ಬೇರೆಡೆಗೆ ಹರಡಿರಲಿಲ್ಲ. ಈಗ ತುಂಗಾ ಎದ್ದು ಓಡಾಡುತ್ತಿದ್ದಾಳೆ.

ಅವಳು ಚೇತರಿಸಿಕೊಂಡ ಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ, ಮಹಿಳೆಯರ ಆರೋಗ್ಯದ ಬಗ್ಗೆಯೇ ಇರಬೇಕು. ನಿಮ್ಮ ಗುಮಾಸ್ತರು, “ಅದು ಪ್ರೈವೇಟ್ ಸ್ಟಾಲ್ ಅಮ್ಮ, ನಮಗೆ ಸಂಬಂಧ ಇಲ್ಲ” ಎಂದರು.

“ಬ್ಯಾನರ್ ಯಾರದ್ದು ಸಾರ್?”

“ಬ್ಯಾನರ್ ನಮ್ದೇ.”

“ಜಾಗ ಕೊಟ್ಟೋರು?”

“ನಾವೇ. ಆದ್ರೆ ಪುಡಿ ನಮ್ದಲ್ಲ.”

ಇಂಥ ಸೂಕ್ಷ್ಮ ವಿವೇಚನೆಯುಳ್ಳ ಕಚೇರಿ, ಉಷ್ಣಕ್ಕೂ ಕ್ಯಾನ್ಸರಿಗೂ ಇರುವ ವ್ಯತ್ಯಾಸವನ್ನು ಒಂದು ಹಲಗೆಯ ಮೇಲೆ ಬರೆಸಿಟ್ಟಿದ್ದರೆ ಏನಾಗುತ್ತಿತ್ತು?

ಮುಂದಿನ ತಿಂಗಳು ಅತ್ತಿಗುಪ್ಪೆಯಲ್ಲಿ ನಿಮ್ಮ ಶಿಬಿರವಿದೆಯಂತೆ. ಅಲ್ಲಿ ಪುಡಿಯ ಮೇಜು ಇರಕೂಡದು. ಒಬ್ಬ ಲೇಡಿ ಡಾಕ್ಟರು ಇರಬೇಕು, ಒಂದು ಪರದೆ ಇರಬೇಕು, ಬಂದ ಪ್ರತಿ ಹೆಂಗಸನ್ನೂ “ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯಾ?” ಎಂದು ಕೇಳಬೇಕು. ಸಿಬ್ಬಂದಿಯ ಕೊರತೆಯೆಂದು ನೀವು ಉತ್ತರಿಸಬಹುದು. ಚಿಂತಿಸಬೇಡಿ. ನೀವು ಕೇಳದಿದ್ದರೆ ಗೇಟಿನಲ್ಲಿ ನಿಂತು ನಾವೇ ಕೇಳುತ್ತೇವೆ. ಬಾಯಿ ಬಿಡಲು ನಾಚುತ್ತಿದ್ದ ತುಂಗಾಳೇ ಹೇಳಿದ್ದಾಳೆ: “ಅಕ್ಕಾ, ನೀನು ಸುಮ್ನೆ ಪಕ್ಕದಲ್ಲಿ ನಿಂತಿರು. ನಾನೇ ಜೋರಾಗಿ ಕೇಳ್ತೀನಿ.”

ಇಂತಿ,
ಕೇಳಬೇಕಾದ್ದನ್ನು ತಡವಾಗಿ ಕೇಳಿದವರಲ್ಲಿ ತಾನೂ ಒಬ್ಬಳಾದ
ನೀಲಗಂಗಮ್ಮ
ಅತ್ತಿಗುಪ್ಪೆ