ವಿಮಾನದಲ್ಲಿ ಇಟ್ಟ ಕುಂಕುಮದ ಭರಣಿ

ಸಾನಪಾಡಾ
11 ನವೆಂಬರ್ 2025

ಪ್ರೀತಿಯ ಯತಿನ್,

ಹಾಗಲ್ಲ ಮಗಾ, ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾದದ್ದಕ್ಕೇ ಊಟ ಸೇರಲಿಲ್ಲ. ಮೊದಲು ನಿನ್ನ ಬೆನ್ನುನೋವು ಹೇಗಿದೆ ಹೇಳು. ಬೆಲ್ಟ್ ಕಟ್ಟಿಕೊಳ್ಳುತ್ತೀಯೋ, ಸೆಖೆ ಎಂದು ಬಿಚ್ಚಿಟ್ಟಿದ್ದೀಯೋ? ನನ್ನ ಬಿಪಿ ಪರವಾಗಿಲ್ಲ. ಕನ್ನಡ ಓದಲು ನಿನಗೆ ತಡವಾಗುತ್ತದೆ, ಗೊತ್ತು. ಆಗಲಿ. ಫೋನಿನಲ್ಲಾದರೆ ನಡುವೆಯೇ ನನ್ನ ಬಾಯಿ ಮುಚ್ಚಿಸುತ್ತೀ.

ನೀನು ಕಳಿಸಿದ ತನಿಖೆಯ ಕಾಗದವನ್ನು ಕನ್ನಡಕ ಒರೆಸಿ ಒರೆಸಿ ಓದಿದೆ. ಕಾಲೇಜಿನ ಇಂಗ್ಲಿಷು ಅರ್ಧ ಮರೆತಿದೆ. ಆದರೂ ಇಷ್ಟು ತಿಳಿಯಿತು: ಇಳಿಯುವ ಹೊತ್ತಿಗೆ ನಿನ್ನ ಕೈಯ ಕೋಲು ಹಿಂದಕ್ಕೆ ಬರಲಿಲ್ಲ, ವಿಮಾನದ ಮೂತಿ ಮೇಲೇಳಲಿಲ್ಲ. ನೀನೊಬ್ಬನೇ ಇಂಜಿನ್ ಹೆಚ್ಚು ಕಡಿಮೆ ಮಾಡುತ್ತ ಹೇಗೋ ನೆಲ ಮುಟ್ಟಿಸಿದೆ, ಮುಂದಿನ ಚಕ್ರ ಮುರಿಯಿತು. ಕಾರಣ, ಸೀಟಿನ ಕೆಳಗೆ ಆ ಕೋಲಿಗೆ ಸೇರಿದ ಸರಳುಗಳ ನಡುವೆ ಸಿಕ್ಕಿಕೊಂಡಿದ್ದ, ಹಿತ್ತಾಳೆಯ ಒಂದು ‘ಫಾರಿನ್ ಆಬ್ಜೆಕ್ಟ್’. ಫಾರಿನ್ ಎಂದರೆ ಪರದೇಶದ್ದು ಎಂದೇ ನಾವು ಕಲಿತದ್ದು. ಅದು ನಿನ್ನಮ್ಮನ ಕುಂಕುಮದ ಭರಣಿ ಮಾರಾಯಾ.

ನೌಪಾಡಾದ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ನಾನು ಸ್ಕೂಟರ್ ಕೊಂಡೆನಲ್ಲ, ಅದರ ಡಿಕ್ಕಿಯಲ್ಲಿ ಪದ್ಮಾವತಿ ಅದೇ ಭರಣಿ ಇಟ್ಟಿದ್ದಳು. ಹನ್ನೊಂದು ವರ್ಷ ಒಂದು ಗೀರೂ ಆಗಲಿಲ್ಲ. ಆಯುಧಪೂಜೆಗೆ ನಿಮ್ಮ ಫ್ಲೈಯಿಂಗ್ ಸ್ಕೂಲಿನವರು ಮನೆಯವರನ್ನೆಲ್ಲ ಕರೆದಾಗ ಜೇಬಿನಲ್ಲಿ ತಂದಿದ್ದೆ. ಮೆಕ್ಯಾನಿಕ್ ಸೈದಪ್ಪ ವಿಮಾನಕ್ಕೆ ಚೆಂಡುಹೂ ಕಟ್ಟಿ ಎಲ್ಲರಿಗೂ ಪ್ರಸಾದ ಹಂಚುತ್ತಿದ್ದ. ಯಾರೂ ನೋಡದ ಹೊತ್ತಿನಲ್ಲಿ ಅದನ್ನು ನಿನ್ನ ಸೀಟಿನ ಹಿಂದೆ ಸಿಕ್ಕಿಸಿಟ್ಟೆ. ಅವಳು ಈಗಿಲ್ಲದಿದ್ದರೂ ನಿನ್ನ ಜೊತೆಗಿರಲಿ ಎಂದು. ಮರುದಿನವೇ ಅದು ಜಾರಿ ಕೆಳಗೆ ಬಿದ್ದು ಹೀಗಾಯಿತು.

ಪೂಜೆ ಮಾಡಿದವನು ಸೈದಪ್ಪ, ಹಾಗಾಗಿ ಭರಣಿಯೂ ಅವನದೇ ಎಂದು ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಮೊನ್ನೆ ರಬಾಳೆಯ ಅವನ ಖೋಲಿಗೆ, ಆ ಒಂದೇ ಕೋಣೆಯ ಮನೆಗೆ, ಹೋಗಿದ್ದೆ. ಅವನು ಲೋಡಿಂಗ್ ಕೆಲಸಕ್ಕೆ ಹೋಗಿದ್ದ. ಹೆಂಡತಿ ಸತ್ಯಮ್ಮ ಚಹಾ ಕೊಟ್ಟಳು. “ಕಾಕಾ, ಕೀಲಿ ಹಾಕಿದ ಮ್ಯಾಲೂ ಮೂರು ಸಲ ಜಗ್ಗಿ ನೋಡೋ ಮನಶಾ ಅವ್ರು. ಅಂಥಾದ್ದು ಬಿಟ್ಟು ಬರ್ತಾರೇನ್ರಿ?” ಎಂದಳು. ನಾನು ಚಹಾ ಕುಡಿದು ಬಂದೆ. ಕುಡಿದೆ ನೋಡು, ಪೂರ್ತಿ.

ನೀನು ಹೇಳುತ್ತೀ, “ಪಪ್ಪಾ, ಆಪ್ ಚುಪ್ ರಹೋ, ಮೇರಾ ಲೈಸೆನ್ಸ್ ಜಾಯೇಗಾ.” ನಾನು ಸುಮ್ಮನಿರಬೇಕು, ಇಲ್ಲದಿದ್ದರೆ ನಿನ್ನ ಲೈಸೆನ್ಸ್ ಹೋಗುತ್ತದಂತೆ. ಹಾರುವ ಮೊದಲು ಸೀಟಿನ ಸುತ್ತ ನೋಡುವುದು ನಿನ್ನ ಕೆಲಸ, ನೋಡದೆಯೇ ನೋಡಿದ್ದೇನೆಂದು ಸಹಿ ಹಾಕಿದೆ ಎಂದೂ ನಿನ್ನೆ ನೀನೇ ಹೇಳಿದೆ. ಎರಡು ವರ್ಷದ ನಿನ್ನ ಕಷ್ಟ ನನಗೆ ಗೊತ್ತಿಲ್ಲವೇ? ಅದನ್ನೇ ಯೋಚಿಸುತ್ತ ಬೆಳಗಿನಿಂದ... ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ದೀಪ ಹಾಕಲು ಏಳಲಾರೆ, ಇಲ್ಲಿಗೇ ನಿಲ್ಲಿಸುತ್ತೇನೆ.

ದೇವರು ನಿನ್ನ ಕೈಹಿಡಿದು ನಡೆಸಲಿ.

ನಿನ್ನ ಪಪ್ಪ,
ಹರಿಶ್ಚಂದ್ರ

ವಿ.ಸೂ.: ತನಿಖೆಯವರಿಗೆ ಬೆಳಿಗ್ಗೆಯೇ ಸ್ಪೀಡ್ ಪೋಸ್ಟ್ ಮಾಡಿಯಾಗಿದೆ. ‘ಐ ಓನ್ಲಿ ಕೆಪ್ಟ್ ಇಟ್, ಸೈದಪ್ಪ ನಾಟ್ ನೋಯಿಂಗ್’ ಎಂದು, ನನಗೆ ಬಂದ ಇಂಗ್ಲಿಷಿನಲ್ಲಿ. ನಿನ್ನ ಸಹಿಯ ವಿಷಯ ನಾನು ಬರೆದಿಲ್ಲ. ಅದನ್ನು ನೀನೇ ಬರೆಯಬೇಕು.